ಒಡ್ಡಿನ ಮೇಲೆ ಮರ, ಹೊಲದಲ್ಲಿ ಮಣ್ಣು: ಕೊಪ್ಪಳ, ರಾಯಚೂರಿನ ಒಣಬೇಸಾಯದ ರೈತರಿಗೆ

ಕುಷ್ಟಗಿ, ಯಲಬುರ್ಗಾ, ಲಿಂಗಸುಗೂರು ಕಡೆಯ ಮಳೆಯಾಶ್ರಿತ ಹೊಲಗಳಲ್ಲಿ ಹಳೆಯ ಒಡ್ಡುಗಳನ್ನು ನೋಡುತ್ತ ಹೋದರೆ ಒಂದು ಸಂಗತಿ ಗಮನಕ್ಕೆ ಬರುತ್ತದೆ. ಬೇವು, ಬನ್ನಿ, ಕರಿಜಾಲಿ ನಿಂತಿರುವ ಒಡ್ಡು ಉಳಿದಿದೆ. ಬರಿಯ ಮಣ್ಣಿನ ಒಡ್ಡು ವರ್ಷಕ್ಕೊಂದು ಗೇಣಿನಂತೆ ಟ್ರ್ಯಾಕ್ಟರ್ ನೇಗಿಲಿಗೆ ಸಿಕ್ಕಿ, ಕಡೆಗೆ ಹೊಲದ ಮಟ್ಟಕ್ಕೇ ಇಳಿದಿದೆ. ಇದಕ್ಕೆ ರೈತರನ್ನು ದೂರುವುದು ಸರಿಯಲ್ಲ. ನೂರಕ್ಕೆ ಎರಡರಷ್ಟು ಇಳಿಜಾರಿರುವ ಹೊಲದಲ್ಲಿ ಎಕರೆಗೆ ಸುಮಾರು 100 ಮೀಟರ್ ಉದ್ದದ ಒಡ್ಡು ಬೇಕಾಗುತ್ತದೆ. ಅದು ಹೆಚ್ಚುಕಡಿಮೆ 2 ಗುಂಟೆ ನೆಲವನ್ನು ಹಿಡಿಯುತ್ತದೆ. ಅಷ್ಟು ನೆಲ ತಿಂದು ಕಣ್ಣಿಗೆ ಕಾಣುವಂಥದ್ದೇನನ್ನೂ ಕೊಡದ ಒಡ್ಡನ್ನು ಯಾರು ಎಷ್ಟು ದಿನ ಕಾಯ್ದುಕೊಂಡಾರು? ಅದೇ ಒಡ್ಡು ಮೇವು, ಸೊಪ್ಪು, ಹಣ್ಣು, ಉರುವಲು ಕೊಡುವಂತಾದರೆ ಅದನ್ನು ಕೆಡಿಸಲು ಮನೆಯವರೇ ಬಿಡುವುದಿಲ್ಲ. ಈ ಲೇಖನದ ಎಲ್ಲ ಹಂತಗಳೂ ಈ ಒಂದು ಮಾತಿನ ಸುತ್ತಲೇ ಇವೆ.

ಇನ್ನೊಂದು ಮಾತನ್ನೂ ಮೊದಲೇ ಹೇಳಬೇಕು. ಮರ ನೆಟ್ಟ ಮಾತ್ರಕ್ಕೆ ಮಣ್ಣು ನಿಲ್ಲುವುದಿಲ್ಲ. ತೇಗದಂಥ ಅಗಲ ಎಲೆಯ ಎತ್ತರದ ಮರದ ಕೆಳಗೆ ನೆಲ ಬರಿದಾಗಿದ್ದರೆ, ಎಲೆಯಿಂದ ಕೂಡಿ ಬೀಳುವ ದಪ್ಪ ಹನಿಗಳೇ ಮಣ್ಣನ್ನು ಕೆದರುತ್ತವೆ. ಮಣ್ಣನ್ನು ಹಿಡಿಯುವುದು ನೆಲಕ್ಕೆ ಅಂಟಿಕೊಂಡ ಹುಲ್ಲು, ಉದುರಿದ ಎಲೆ ಮತ್ತು ಸರಿಯಾದ ಮಟ್ಟದಲ್ಲಿ ಹಾಕಿದ ಒಡ್ಡು. ಮರದ ಕೆಲಸ ಆ ಒಡ್ಡನ್ನು ಬೇರಿನಿಂದ ಬಿಗಿಯುವುದು, ಅದರ ಬಾಡಿಗೆಯನ್ನು ಕಟ್ಟುವುದು.

ಹೊಲ ಕಳೆದುಕೊಳ್ಳುವುದೆಷ್ಟು ಎಂಬುದಕ್ಕೆ ಸಣ್ಣ ಲೆಕ್ಕವೊಂದು ಸಾಕು. ಒಂದು ಎಕರೆಯಿಂದ ಒಂದೇ ಒಂದು ಮಿಲಿಮೀಟರ್ ಮೇಲ್ಮಣ್ಣು ಹೋದರೆ ಸುಮಾರು 5 ಟನ್ ಮಣ್ಣು ಹೋದಂತೆ. ಕಣ್ಣಿಗೆ ಅದು ಗೊತ್ತೂ ಆಗುವುದಿಲ್ಲ. ಗೊತ್ತಾಗುವುದು ಕೆಳಗಡೆ: ತುಂಗಭದ್ರಾ ಜಲಾಶಯದ ಮೂಲ ಸಾಮರ್ಥ್ಯ ಸುಮಾರು 133 ಟಿಎಂಸಿ ಅಡಿ ಇತ್ತು, ಹೂಳು ತುಂಬಿ ಈಗ ಸುಮಾರು 105ಕ್ಕೆ ಇಳಿದಿದೆ. 2019ರಲ್ಲಿ ಕೊಪ್ಪಳದ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿಯವರ ಮುಂದಾಳತ್ವದಲ್ಲಿ ಹಿರೇಹಳ್ಳದ ಹೂಳೆತ್ತಲು ಜನ ಕೈಜೋಡಿಸಿದರು. ಹಳ್ಳಕ್ಕೆ ಹೂಳು ಬರುವುದು ಮೇಲಿನ ಹೊಲಗಳಿಂದಲೇ. ಅಲ್ಲಿ ತಡೆಯದಿದ್ದರೆ ಎತ್ತಿದ ಹೂಳು ಮತ್ತೆ ಬಂದು ತುಂಬುತ್ತದೆ.

ಮೊದಲು ನೀರು ಹೋಗುವ ದಾರಿ ನೋಡಿ

ಜೋರು ಮಳೆ ನಿಂತು, ಸಿಡಿಲು ಗುಡುಗು ದೂರವಾದ ಕೂಡಲೇ ಹೊಲಕ್ಕೆ ಹೋಗಿ. ಮೇಲಿನ ಅಂಚಿನಿಂದ ಕೆಳಗಿನವರೆಗೆ ನಡೆಯಿರಿ. ನೀರು ನಿಮ್ಮ ಹೊಲಕ್ಕೆ ಎಲ್ಲಿಂದ ಒಳಗೆ ಬರುತ್ತದೆ, ಎಲ್ಲಿ ಹರವಾಗಿ ಹರಿಯುತ್ತದೆ, ಎಲ್ಲಿ ಒಂದೆಡೆ ಸೇರಿ ಸಣ್ಣ ಸರುವು ಕೊರೆಯುತ್ತದೆ, ಎಲ್ಲಿ ಹೊರಬೀಳುತ್ತದೆ ಎಂಬ ನಾಲ್ಕೂ ಜಾಗಗಳಿಗೆ ಗೂಟ ನೆಡಿ. ಒಂದು ಹಾಳೆಯ ಮೇಲೆ ಹೊಲದ ಆಕಾರ ಬರೆದು ಗುರುತು ಹಾಕಿಕೊಳ್ಳಿ.

25 ಮಿಲಿಮೀಟರ್ ಮಳೆ ಬಿದ್ದರೆ ಒಂದು ಎಕರೆಯ ಮೇಲೆ ಒಂದು ಲಕ್ಷ ಲೀಟರ್ ನೀರು ಬಿದ್ದಂತೆ. ಐದು ಎಕರೆ ಹೊಲಕ್ಕೆ ಮೇಲಿನ ಇಪ್ಪತ್ತು ಎಕರೆ ಮಡ್ಡಿಯ ನೀರೂ ನುಗ್ಗಿ ಬರುತ್ತಿದ್ದರೆ, ನಿಮ್ಮ ಐದು ಎಕರೆಯ ಲೆಕ್ಕದಲ್ಲಿ ಹಾಕಿದ ಒಡ್ಡು ನಿಲ್ಲುವುದಿಲ್ಲ. ಆದ್ದರಿಂದ ಕೆಲಸ ಯಾವಾಗಲೂ ಮೇಲಿನಿಂದ ಕೆಳಕ್ಕೆ ಸಾಗಬೇಕು: ಮೊದಲು ಗುಡ್ಡ ಮಡ್ಡಿ, ಆಮೇಲೆ ಮೇಲಿನ ಹೊಲ, ಆಮೇಲೆ ನಿಮ್ಮ ಹೊಲ, ಕಡೆಗೆ ಹಳ್ಳ. ಹಳ್ಳಕ್ಕೆ ಚೆಕ್ ಡ್ಯಾಂ ಕಟ್ಟಿ ಮೇಲಿನದನ್ನು ಹಾಗೇ ಬಿಟ್ಟ ಊರುಗಳಲ್ಲಿ ಚೆಕ್ ಡ್ಯಾಂ ಹೂಳಿನ ತೊಟ್ಟಿಯಾಗುತ್ತದೆ.

ಇಲ್ಲಿ ಮೇಲಿನ ಹೊಲದವರ ಜೊತೆ ಮಾತಾಡದೆ ಬೇರೆ ದಾರಿಯಿಲ್ಲ. ಬೇಸಿಗೆಯಲ್ಲೇ, ಜಗಳಕ್ಕೆ ಕಾರಣ ಹುಟ್ಟುವ ಮೊದಲೇ ಹೋಗಿ ಕೇಳಿ: "ಕಾಕಾ, ಈ ಸಲ ನಿಮ್ಮ ಕೋಡಿಯ ನೀರು ಎಲ್ಲಿಗೆ ಬರಬೇಕೆಂದು ಇಬ್ಬರೂ ಕೂಡಿ ನೋಡೋಣ, ಕಲ್ಲು ನಾನು ಹೊಂದಿಸುತ್ತೇನೆ." ಕಲ್ಲಿನ ಖರ್ಚು ದೊಡ್ಡದಲ್ಲ. ಮುಂಗಾರಿನ ನಡುವೆ ಒಡ್ಡು ಒಡೆದ ಮೇಲೆ ಹೋಗಿ ಕೇಳಿದರೆ ಅದೇ ಮಾತು ಬೇರೆ ರೀತಿ ಕೇಳಿಸುತ್ತದೆ.

ಮಸಾರಿ ಒಂದು ರೀತಿ, ಎರೆ ಇನ್ನೊಂದು ರೀತಿ

ನಮ್ಮ ಎರಡೂ ಜಿಲ್ಲೆಗಳಲ್ಲಿ ಕೆಂಪು ಮಸಾರಿಯೂ ಇದೆ, ಕರಿ ಎರೆಯೂ ಇದೆ. ಎಷ್ಟೋ ಹೊಲಗಳಲ್ಲಿ ಎರಡೂ ಇವೆ. ಎರಡಕ್ಕೂ ಒಂದೇ ನಮೂನೆಯ ಒಡ್ಡು ಹಾಕಿದರೆ ಒಂದರಲ್ಲಿ ಕೆಲಸ ಕೆಡುತ್ತದೆ.

ಮಸಾರಿಯಲ್ಲಿ ಮಳೆಯ ಹನಿ ಬಡಿದು ಮೇಲೆ ತೆಳುವಾದ ಗಟ್ಟಿ ಪದರು ಕಟ್ಟುತ್ತದೆ, ನೀರು ಒಳಗಿಳಿಯದೆ ಜಾರಿ ಹೋಗುತ್ತದೆ. ಆದರೆ ಅದನ್ನು ಒಮ್ಮೆ ನಿಲ್ಲಿಸಿದರೆ ಬೇಗ ಇಂಗುತ್ತದೆ. ಇಲ್ಲಿ ನೀರನ್ನು ತಡೆದು ನಿಲ್ಲಿಸುವ ಒಂದೇ ಮಟ್ಟದ ಒಡ್ಡು, ಅಂದರೆ ಸಮಪಾತಳಿ ಒಡ್ಡು, ಸರಿಹೊಂದುತ್ತದೆ.

ಎರೆ ಹೊಲದ ಕಥೆ ಬೇರೆ. ಒಣಗಿದ ಎರೆ ಬಿರುಕು ಬಿಟ್ಟಿರುತ್ತದೆ, ಮೊದಲ ಮಳೆಯನ್ನು ಬಿರುಕಿನಲ್ಲೇ ಕುಡಿಯುತ್ತದೆ. ತೊಯ್ದು ಉಬ್ಬಿ ಬಿರುಕು ಮುಚ್ಚಿದ ಮೇಲೆ ನೀರು ಇಳಿಯುವುದು ತೀರ ನಿಧಾನ. ಅಲ್ಲಿ ಸಮಮಟ್ಟದ ಒಡ್ಡು ಹಾಕಿದರೆ ಮೇಲ್ಬದಿಯಲ್ಲಿ ವಾರಗಟ್ಟಲೆ ನೀರು ನಿಂತು ಬೆಳೆ ಹಳದಿಯಾಗುತ್ತದೆ. ಬೇಸಿಗೆಯಲ್ಲಿ ಒಡ್ಡೇ ಬಿರುಕು ಬಿಟ್ಟು, ಮುಂದಿನ ಮಳೆಗೆ ಆ ಬಿರುಕಿನಲ್ಲೇ ಒಡೆಯುತ್ತದೆ. ಬಳ್ಳಾರಿಯಲ್ಲಿ 1954ರಿಂದ ಮಣ್ಣು ಮತ್ತು ನೀರು ಸಂರಕ್ಷಣಾ ಸಂಶೋಧನಾ ಕೇಂದ್ರವಿದೆ. ಎರೆಭೂಮಿಗೆ ನೀರನ್ನು ನಿಲ್ಲಿಸದೆ ನಿಧಾನವಾಗಿ ಪಕ್ಕಕ್ಕೆ ನಡೆಸುವ ಇಳುಕಲು ಒಡ್ಡೇ ಒಳ್ಳೆಯದು ಎಂಬುದು ಇಂಥ ಕೇಂದ್ರಗಳ ದೀರ್ಘಕಾಲದ ಶಿಫಾರಸು. 10 ಮೀಟರ್ ಉದ್ದಕ್ಕೆ 2ರಿಂದ 4 ಸೆಂಟಿಮೀಟರ್ ಇಳುಕಲು ಸಾಕು. ಅದಕ್ಕಿಂತ ಹೆಚ್ಚಾದರೆ ಒಡ್ಡಿನ ಬದಿಯೇ ಕಾಲುವೆಯಾಗಿ ಕೊರೆಯುತ್ತದೆ.

ಎರೆ ಹೊಲಕ್ಕೆ ಇನ್ನೂ ಒಂದು ಅಪಾಯವಿದೆ, ಅದರ ಬಗ್ಗೆ ಸಾಕಷ್ಟು ಮಾತು ನಡೆಯುವುದಿಲ್ಲ. ಹಿಂಗಾರಿ ಜೋಳ, ಕಡಲೆಗೆಂದು ನಾವು ಎರೆಯನ್ನು ಮುಂಗಾರು ಪೂರ್ತಿ ಹರಗಿ ಹರಗಿ ಬರಿದಾಗಿ ಇಡುತ್ತೇವೆ. ಈ ಸೀಮೆಯಲ್ಲಿ ಮಳೆ ರಭಸವಾಗಿ ಬೀಳುವುದು ಉತ್ತರಿ, ಹಸ್ತದ ಹೊತ್ತಿಗೆ, ಅಂದರೆ ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ಮೊದಲ ಭಾಗದವರೆಗೆ. ಹೊಲದ ಮೇಲೆ ಒಂದು ಹಸಿರು ಎಲೆಯೂ ಇಲ್ಲದ ಹೊತ್ತಿಗೇ ದೊಡ್ಡ ಮಳೆ ಬೀಳುತ್ತದೆ. ಒಡ್ಡು ಮತ್ತು ಮರಗಳ ಜೊತೆಗೆ, ಜೂನ್ ಜುಲೈನಲ್ಲೇ ಹೊಲವನ್ನು ಸಣ್ಣ ಚೌಕು ಮಡಿಗಳಾಗಿ ಮಾಡಿಕೊಳ್ಳುವುದು ಅಥವಾ ಇಳಿಜಾರಿಗೆ ಅಡ್ಡಲಾಗಿ ಬೋದು ಸಾಲು ಬಿಡುವುದು ಇದಕ್ಕೆ ಪರಿಹಾರ. ಚೌಕು ಮಡಿ ಹಾಕಲು ಎತ್ತಿನಿಂದಲೂ ಟ್ರ್ಯಾಕ್ಟರಿನಿಂದಲೂ ಎಳೆಯುವ ಉಪಕರಣಗಳಿವೆ. ಬಿದ್ದ ಮಳೆ ಬಿದ್ದಲ್ಲೇ ನಿಂತರೆ ಒಡ್ಡಿನ ಮೇಲಿನ ಹೊರೆ ಅರ್ಧ ಇಳಿಯುತ್ತದೆ.

ಮಟ್ಟ ಹಿಡಿಯುವುದು

ಕಣ್ಣಳತೆಯನ್ನು ನಂಬಬೇಡಿ. ಹೊಲದ ಇಳಿಜಾರು ಕಣ್ಣಿಗೆ ಮೋಸ ಮಾಡುತ್ತದೆ. ಜೆಸಿಬಿ ಬಂದು ಗಂಟೆಗಿಷ್ಟು ಎಂದು ಓಡುತ್ತಿರುವಾಗ ಮಟ್ಟ ಹುಡುಕುತ್ತ ನಿಲ್ಲಲು ಆಗುವುದೂ ಇಲ್ಲ. ಗೆರೆ ಮೊದಲೇ ಬಿದ್ದಿರಬೇಕು.

ಏಳು ಅಡಿಯ ಎರಡು ನೇರ ಗಳಗಳನ್ನು ತುದಿಯಲ್ಲಿ ಕಟ್ಟಿ, ಕಾಲು ಅಗಲಿಸಿ, ನಡುವೆ ಒಂದು ಅಡ್ಡಪಟ್ಟಿ ಬಿಗಿಯಿರಿ. ತುದಿಯಿಂದ ದಾರಕ್ಕೆ ಕಲ್ಲು ಕಟ್ಟಿ ಇಳಿಬಿಡಿ, ದಾರ ಅಡ್ಡಪಟ್ಟಿಯನ್ನು ದಾಟಿ ಕೆಳಗೆ ಬರಲಿ. ನೆಲದ ಮೇಲೆ ಎರಡು ಜಾಗದಲ್ಲಿ ಕಾಲೂರಿಸಿ, ದಾರ ಅಡ್ಡಪಟ್ಟಿಗೆ ತಾಗುವಲ್ಲಿ ಗುರುತು ಹಾಕಿ. ಈಗ ಕಾಲುಗಳನ್ನು ಅದಲುಬದಲು ಮಾಡಿ ಅದೇ ಎರಡು ಜಾಗದಲ್ಲಿಟ್ಟು ಇನ್ನೊಂದು ಗುರುತು ಹಾಕಿ. ಎರಡು ಗುರುತುಗಳ ನಟ್ಟನಡುವೆ ದಾರ ನಿಂತರೆ ಎರಡೂ ಕಾಲು ಒಂದೇ ಮಟ್ಟದಲ್ಲಿವೆ ಎಂದರ್ಥ. ಇನ್ನು ಹೊಲದ ಒಂದು ಅಂಚಿನಿಂದ ಹೊರಟು, ಒಂದು ಕಾಲನ್ನು ಊರಿ ಇನ್ನೊಂದನ್ನು ಮಟ್ಟ ಸಿಗುವವರೆಗೆ ಮೇಲೆ ಕೆಳಗೆ ಸರಿಸುತ್ತ, ಸಿಕ್ಕಲ್ಲೆಲ್ಲ ಸುಣ್ಣ ಹಾಕುತ್ತ ಹೋಗಿ. ಗೆರೆ ಅಂಕುಡೊಂಕಾಗಿ ಬರುತ್ತದೆ. ಕೂರಿಗೆ, ಎಡೆಕುಂಟೆ ಆಡಲು ಅನುಕೂಲವಾಗುವಂತೆ ಚಿಕ್ಕ ಡೊಂಕುಗಳನ್ನು ತಿದ್ದಿಕೊಳ್ಳಬಹುದು. ದೊಡ್ಡ ಬಳುಕನ್ನು ನೇರ ಮಾಡಹೋಗಬೇಡಿ.

ಎರೆ ಹೊಲದ ಇಳುಕಲಿಗೆ ನೀರು ತುಂಬಿದ ಪಾರದರ್ಶಕ ಪೈಪು ಹೆಚ್ಚು ಅನುಕೂಲ. ಅಳತೆ ಬರೆದ ಎರಡು ಕೋಲುಗಳಿಗೆ ಪೈಪಿನ ಎರಡು ತುದಿ ಕಟ್ಟಿ, 10 ಮೀಟರ್ ಅಂತರದಲ್ಲಿ ನಿಲ್ಲಿಸಿ, ಎರಡು ಕಡೆಯ ನೀರಿನ ಅಳತೆಯ ವ್ಯತ್ಯಾಸ ನೋಡಿದರಾಯಿತು. ಹೊಲದ ಇಳಿಜಾರು ತಿಳಿಯಲೂ ಇದೇ ಸಾಕು: 10 ಮೀಟರಿಗೆ 20 ಸೆಂಟಿಮೀಟರ್ ವ್ಯತ್ಯಾಸ ಬಂದರೆ ಇಳಿಜಾರು ನೂರಕ್ಕೆ ಎರಡು.

ಒಂದು ಒಡ್ಡಿನಿಂದ ಇನ್ನೊಂದಕ್ಕೆ ಅಂತರ ಇಳಿಜಾರಿನ ಮೇಲೆ ನಿಂತಿದೆ. ನೂರಕ್ಕೆ ಒಂದು ಇದ್ದರೆ ಸುಮಾರು 70 ಮೀಟರ್, ಎರಡು ಇದ್ದರೆ 40, ಮೂರು ಇದ್ದರೆ 30.

ಒಡ್ಡು ಮತ್ತು ಕೋಡಿ

ಮಸಾರಿಯಲ್ಲಿ ಎತ್ತರ 2 ಅಡಿ, ತಳ 5ರಿಂದ 6 ಅಡಿ, ನೆತ್ತಿ ಒಂದೂವರೆ ಅಡಿ ಇರಲಿ. ಎರೆ ಮಣ್ಣು ಜಾರುವುದರಿಂದ ತಳವನ್ನು 7ರಿಂದ 8 ಅಡಿಗೆ ಅಗಲಿಸಿ. ಹಾಕುವ ಮೊದಲು ತಳದ ಗೆರೆಯನ್ನು ರಂಟೆ ಹೊಡೆದು ಸಡಿಲಿಸಿ, ಆಗ ಹೊಸ ಮಣ್ಣು ಹಳೆಯದಕ್ಕೆ ಕಚ್ಚಿಕೊಳ್ಳುತ್ತದೆ. ಮಸಾರಿಯಲ್ಲಿ ಮೇಲ್ಬದಿಯಿಂದ ಮಣ್ಣು ತೆಗೆದರೆ ಅಲ್ಲೇ ನೀರು ಇಂಗುವ ಗುಂಡಿಯೂ ಆಯಿತು. ಗುಂಡಿಗೂ ಒಡ್ಡಿಗೂ ನಡುವೆ ಒಂದಡಿ ನೆಲ ಬಿಡಿ. ಗುಂಡಿಯನ್ನು ಒಂದೇ ಉದ್ದಕ್ಕೆ ತೋಡದೆ ಪ್ರತಿ 10–15 ಅಡಿಗೆ ಒಂದು ಕಡೆ ಅಗೆಯದೆ ಬಿಟ್ಟರೆ ನೀರು ಗುಂಡಿಯ ಉದ್ದಕ್ಕೆ ಓಡುವುದಿಲ್ಲ.

ಒಡ್ಡು ಒಡೆಯುವುದು ಬಹಳ ಮಟ್ಟಿಗೆ ಕೋಡಿ ಇಲ್ಲದ್ದರಿಂದ. ಎಷ್ಟೇ ಒಳ್ಳೆಯ ಒಡ್ಡಿಗೂ ಹೆಚ್ಚಾದ ನೀರು ಹೋಗಲು ಬಾಗಿಲು ಬೇಕು. ನಮ್ಮ ಪಕ್ಕದ ಹುನಗುಂದ ಸೀಮೆಯ ಹಿರಿಯರು ಕಲ್ಲು ಜೋಡಿಸಿ ಕಟ್ಟುತ್ತಿದ್ದ ಗುಂಡಾವರ್ತಿ ಇದಕ್ಕೆ ಬಹಳ ಒಳ್ಳೆಯ ಮಾದರಿ. ಹೊಲದ ನೀರು ಕಲ್ಲಿನ ಮೇಲಿಂದ ಇಳಿದು ಹೋಗುತ್ತದೆ, ಮಣ್ಣು ಹಿಂದೆಯೇ ಉಳಿಯುತ್ತದೆ. ಕೋಡಿಯ ಹೊಸ್ತಿಲು ನೆಲದಿಂದ ಸುಮಾರು ಒಂದಡಿ ಎತ್ತರವಿರಲಿ, ಅಂದರೆ ಒಡ್ಡಿನ ನೆತ್ತಿಗಿಂತ ಒಂದಡಿ ಕೆಳಗೆ. ನೀರು ಬೀಳುವ ಕೆಳಬದಿಗೆ ದಪ್ಪ ಕಲ್ಲು ಹಾಸದಿದ್ದರೆ ಅಲ್ಲೇ ಕುಣಿ ಬಿದ್ದು ಕೋಡಿ ಕುಸಿಯುತ್ತದೆ. ಮಸಾರಿ ಹೊಲದಲ್ಲಿ ಒಂದರ ಕೆಳಗೊಂದು ಒಡ್ಡಿದ್ದಾಗ ಕೋಡಿಗಳನ್ನು ಒಂದೇ ನೇರಕ್ಕೆ ಇಡಬೇಡಿ. ಒಂದು ಎಡಕ್ಕೆ, ಮುಂದಿನದು ಬಲಕ್ಕೆ ಇದ್ದರೆ ನೀರು ಹೊಲವನ್ನು ಸುತ್ತಿ ಇಳಿಯುತ್ತದೆ. ಎರೆಯಲ್ಲಿ ಎಲ್ಲ ಒಡ್ಡುಗಳ ನೀರು ಒಂದು ಬದಿಯ ಹುಲ್ಲು ಬೆಳೆಸಿದ ಅಗಲವಾದ ಸರುವಿಗೆ ಸೇರಲಿ. ಆ ಸರುವನ್ನು ಯಾವತ್ತೂ ಉಳಬೇಡಿ.

ಆಗಲೇ ಕೊರಕಲು ಬಿದ್ದಿದ್ದರೆ ಅದನ್ನು ಮಣ್ಣು ತುಂಬಿ ಮುಚ್ಚಲು ಹೋಗಬೇಡಿ, ಮೊದಲ ಮಳೆಗೇ ಕೊಚ್ಚಿ ಹೋಗುತ್ತದೆ. ಹೊಲದಿಂದ ಆಯ್ದ ಕಲ್ಲುಗಳಿಂದಲೇ ಅಡ್ಡ ತಡೆ ಕಟ್ಟಿ. ಕಲ್ಲು ಎರಡೂ ದಂಡೆಗಳೊಳಗೆ ಒಂದೊಂದಡಿ ಹುಗಿದಿರಬೇಕು, ನಡುಭಾಗ ಬದಿಗಳಿಗಿಂತ ತಗ್ಗಾಗಿರಬೇಕು. ಕೆಳಗಿನ ತಡೆಯ ತಲೆ ಮೇಲಿನ ತಡೆಯ ಬುಡದ ಮಟ್ಟಕ್ಕೆ ಬರುವಂತೆ ಅಂತರ ಲೆಕ್ಕ ಹಾಕಿ. ಹೂಳು ಕಟ್ಟಿಕೊಂಡ ಮೇಲೆ ಅದರಲ್ಲಿ ಲಕ್ಕಿ, ಹೊಂಗೆ, ಲಾವಂಚ ನೆಟ್ಟರೆ ತಾವೇ ಹಬ್ಬುತ್ತವೆ. ಲಕ್ಕಿಯನ್ನು ದನ, ಆಡು ಸಾಮಾನ್ಯವಾಗಿ ಮುಟ್ಟುವುದಿಲ್ಲ, ಇದೊಂದು ದೊಡ್ಡ ಅನುಕೂಲ.

ಹುಲ್ಲು ಮೊದಲು

ಹೊಸ ಒಡ್ಡಿಗೆ ಅತ್ಯಂತ ಅಪಾಯದ ಕಾಲ ಅದರ ಮೊದಲ ಮಳೆಗಾಲ. ಆ ಒಂದು ವರ್ಷ ಮರದ ಸಸಿ ಒಡ್ಡಿಗೆ ಏನೂ ಮಾಡಲಾರದು. ಅಂಜನ ಹುಲ್ಲು, ಸ್ಟೈಲೋ ಎಂಬ ಮೇವಿನ ಗಿಡದ ಬೀಜವನ್ನು ಮಣ್ಣು ಮತ್ತು ಗೊಬ್ಬರದೊಂದಿಗೆ ಕಲಸಿ ಮುಂಗಾರಿನ ಮೊದಲ ಹದಕ್ಕೆ ಒಡ್ಡಿನ ಎರಡೂ ಮೈಗೆ ಎರಚಿ. ನೀರು ರಭಸವಾಗಿ ಬಂದು ಬಡಿಯುವ ಜಾಗಕ್ಕೆ ಮತ್ತು ಕೋಡಿಯ ಎರಡು ಪಕ್ಕಕ್ಕೆ ಲಾವಂಚದ ಬುಡಗಳನ್ನು ಗೇಣಿಗೊಂದರಂತೆ ಒತ್ತಾಗಿ ನೆಡಿ. ಲಾವಂಚದ ಬೇರು ಪಕ್ಕಕ್ಕೆ ಹಬ್ಬದೆ ನೇರ ಕೆಳಗಿಳಿಯುವುದರಿಂದ ಬೆಳೆಗೆ ತೊಂದರೆಯಿಲ್ಲ. ಹುಲ್ಲನ್ನು ಕೊಯ್ದು ತಂದು ಹಾಕಿ, ದನ ಬಿಟ್ಟು ಮೇಯಿಸಬೇಡಿ. ಗೊರಸು ಒಡ್ಡನ್ನು ಸಡಿಲಿಸುತ್ತದೆ.

ಮರ: ಯಾವುದು, ಎಲ್ಲಿ, ಎಷ್ಟು

ಒಡ್ಡಿನ ನೆತ್ತಿಗೆ ಗ್ಲಿರಿಸಿಡಿಯಾವನ್ನು ಎರಡು ಮೂರು ಅಡಿಗೊಂದರಂತೆ ಹಾಕಿ. ಹೆಬ್ಬೆರಳು ದಪ್ಪದ, ಮೂರಡಿ ಉದ್ದದ ಬಲಿತ ಕಡ್ಡಿ ಸಾಕು. ಸಸಿಯಾದರೆ ಬೇರು ಇನ್ನೂ ಆಳಕ್ಕೆ ಹೋಗುತ್ತದೆ. ಎರಡನೇ ವರ್ಷದಿಂದ ಸೊಂಟದ ಎತ್ತರಕ್ಕೆ ಕಡಿದು ಸೊಪ್ಪನ್ನು ಹೊಲಕ್ಕೆ ಹರಡಬಹುದು. ಅದು ಸಾರಜನಕ ಹೆಚ್ಚಿರುವ, ಬೇಗ ಕೊಳೆಯುವ ಸೊಪ್ಪು. ನನ್ನನ್ನು ಕೇಳಿದರೆ, ಒಣಬೇಸಾಯದ ರೈತ ಒಂದೇ ಗಿಡ ಹಾಕುವುದಾದರೆ ಇದನ್ನೇ ಹಾಕಬೇಕು. ಹಣ ಕೊಡುವ ಮರದ ಕಡೆಗೆ ಎಲ್ಲರ ಗಮನ ಹೋಗುತ್ತದೆ. ಸವೆದ ಮಣ್ಣಿಗೆ ಮೊದಲು ಬೇಕಿರುವುದು ಸೊಪ್ಪು.

ದೊಡ್ಡ ಮರಗಳನ್ನು ನೆತ್ತಿಯ ಮೇಲೆ ನೆಡದೆ ಒಡ್ಡಿನ ಕೆಳಮೈಯ ಬುಡದಲ್ಲಿ ನೆಡಿ. ಒಡ್ಡಿನಿಂದ ಜಿನುಗುವ ತೇವ ಅಲ್ಲಿ ಸಿಗುತ್ತದೆ. ಎರೆಯಲ್ಲಂತೂ ಮೇಲ್ಬದಿಯ ನಿಂತ ನೀರಿಗೆ ಸಸಿಯ ಬೇರು ಕೊಳೆಯುತ್ತದೆ.

ಮಸಾರಿಗೆ ಬೇವು, ಹೊಂಗೆ, ಕಮರ, ಸೀತಾಫಲ, ಹುಣಸೆ, ನೆಲ್ಲಿ ಒಗ್ಗುತ್ತವೆ. ಆಳವಾದ ಎರೆಗೆ ಕರಿಜಾಲಿ, ಬನ್ನಿ, ಬಾರೆ, ಬೇವು. ನೆಲ್ಲಿ, ಸೀತಾಫಲಕ್ಕೆ 12ರಿಂದ 15 ಅಡಿ, ಬೇವು ಕರಿಜಾಲಿಗೆ 20 ಅಡಿ, ಹುಣಸೆಗೆ 30 ಅಡಿ ಅಂತರ ಬೇಕು. ಬನ್ನಿ ನಿಧಾನದ ಮರ, ಆದರೆ ಅದರ ನೆರಳಲ್ಲಿ ಬೆಳೆ ಸೊರಗುವುದಿಲ್ಲ. ದಸರೆಗೆ ಪೂಜೆಗೊಳ್ಳುವುದರಿಂದ ಕಡಿಯುವ ಕೈಯೂ ಹಿಂಜರಿಯುತ್ತದೆ. ಶ್ರೀಗಂಧ ನೆಡುವವರು ಪಕ್ಕದಲ್ಲೇ ತೊಗರಿಯಂಥ ಆಸರೆ ಗಿಡ ಬೆಳೆಸಬೇಕು, ಶ್ರೀಗಂಧದ ಬೇರು ಆ ಗಿಡದ ಬೇರಿನಿಂದ ಆಹಾರ ಪಡೆಯುತ್ತದೆ. ಕಾವಲಿನ ವ್ಯವಸ್ಥೆ ಇಲ್ಲದಿದ್ದರೆ ಶ್ರೀಗಂಧದ ಆಸೆ ಬೇಡ. ಬಳ್ಳಾರಿ ಜಾಲಿಯನ್ನು ಮಾತ್ರ ಒಡ್ಡಿಗೆ ತರಬೇಡಿ. ಮಣ್ಣನ್ನೇನೋ ಹಿಡಿಯುತ್ತದೆ, ಆಮೇಲೆ ಹೊಲವನ್ನೇ ಹಿಡಿಯುತ್ತದೆ.

ಹಿಂಗಾರಿನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ನೆರಳು ಉತ್ತರಕ್ಕೆ ಬೀಳುತ್ತದೆ. ಎತ್ತರದ ಮರವನ್ನು ಉತ್ತರದ ಬದುವಿಗೆ ಹಾಕಿದರೆ ನಿಮ್ಮ ಜೋಳ ಉಳಿಯುತ್ತದೆ. ನೆರಳು ಪಕ್ಕದವರ ಹೊಲಕ್ಕೆ ಬೀಳಬಹುದು. ಸೀಮೆಗೆರೆಯಿಂದ ಸಾಕಷ್ಟು ಒಳಗೆ ನೆಡಿ, ಅವರಿಗೆ ಹೇಳಿಯೇ ನೆಡಿ.

ಗುಂಡಿಯನ್ನು ಏಪ್ರಿಲ್ ಮೇ ತಿಂಗಳಲ್ಲೇ ತೋಡಿ ಬಿಸಿಲಿಗೆ ಬಿಡಬೇಕು. ಕಾಡುಮರಕ್ಕೆ ಒಂದೂವರೆ ಅಡಿ, ಹಣ್ಣಿನ ಗಿಡಕ್ಕೆ ಎರಡಡಿ ಉದ್ದ, ಅಗಲ, ಆಳ. ಮೇಲ್ಮಣ್ಣು, ತಿಪ್ಪೆಗೊಬ್ಬರ, ಗೆದ್ದಲಿಗೆ ಒಂದೆರಡು ಹಿಡಿ ಬೇವಿನ ಹಿಂಡಿ ಕೂಡಿಸಿ ತುಂಬಿ. ಎರಡು ಒಳ್ಳೆಯ ಮಳೆಯಾಗಿ ಗುಂಡಿ ಆಳದವರೆಗೆ ತೊಯ್ದ ಮೇಲೆ ನೆಡಿ, ಅವಸರ ಬೇಡ.

ಮೊದಲ ಎರಡು ಬೇಸಿಗೆ

ಸಸಿ ಸಾಯುವುದು ಬೇಸಿಗೆಯಲ್ಲಿ ಮತ್ತು ಸುಗ್ಗಿಯ ನಂತರ ಹೊಲ ಬಯಲಾದಾಗ ಬರುವ ಆಡು ಕುರಿಗಳಿಂದ. ಕುರಿಗಾಹಿಗಳು ನಮ್ಮ ಹೊಲಕ್ಕೆ ಬೇಕಾದವರು. ಕುರಿ ತರುಬಿಸಿದ ಹೊಲದ ಬೆಳೆಯೇ ಬೇರೆ. ಅವರನ್ನು ದೂರ ಇಡುವ ಬದಲು ಕುರಿ ನಿಲ್ಲಿಸುವ ಜಾಗವನ್ನು ಒಡ್ಡಿನಿಂದ ದೂರ ಗೊತ್ತುಮಾಡಿ ಹೇಳಿ. ಪ್ರತಿ ಸಸಿಗೂ ಜಾಲಿ ಮುಳ್ಳು ಕಟ್ಟಿ. ಬುಡಕ್ಕೆ ತೊಗರಿ ಕಟ್ಟಿಗೆ, ಒಣಹುಲ್ಲು ಮುಚ್ಚಿ. ತಳದಲ್ಲಿ ಸಣ್ಣ ತೂತು ಮಾಡಿ ಬತ್ತಿ ಹಾಕಿದ ಮಣ್ಣಿನ ಗಡಿಗೆಯನ್ನು ಪಕ್ಕದಲ್ಲಿ ಹುಗಿದು ತುಂಬಿಸಿದರೆ ನೀರು ಬೇರಿಗೆ ನಿಧಾನವಾಗಿ ಇಳಿಯುತ್ತದೆ. ಹೊಲದಲ್ಲಿ ಕೃಷಿ ಹೊಂಡವಿದ್ದರೆ ಈ ನೀರಿಗಾಗಿಯೇ ಒಂದು ಪಾಲು ಉಳಿಸಿ. ಹೊಂಡಕ್ಕೆ ನೀರು ಬರುವ ಬಾಯಲ್ಲಿ ಹೂಳು ನಿಲ್ಲುವ ಸಣ್ಣ ಗುಂಡಿ ಇರಲಿ. ಮಸಾರಿಯಲ್ಲಿ ತಾಡಪತ್ರಿ ಹಾಸದೆ ನೀರು ನಿಲ್ಲುವುದಿಲ್ಲ.

ಬೆಳೆಗೂ ಮರಕ್ಕೂ ಹೊಂದಾಣಿಕೆ

ಮೂರನೇ ವರ್ಷದಿಂದ ಮರದ ಪಕ್ಕದ ಸಾಲುಗಳು ಗಿಡ್ಡಾಗುತ್ತವೆ. ಇಲ್ಲೇ ಎಷ್ಟೋ ರೈತರ ತಾಳ್ಮೆ ಮುಗಿಯುತ್ತದೆ. ಮರದಿಂದ ಮೂರಡಿ ದೂರದಲ್ಲಿ, ಬೆಳೆಯ ಕಡೆಗೆ, ಒಂದೂವರೆ ಎರಡಡಿ ಆಳದ ಕಿರಿದಾದ ಕಾಲುವೆ ತೋಡಿ ಮೇಲ್ಬೇರುಗಳನ್ನು ಕತ್ತರಿಸಿ. ಎರಡು ವರ್ಷಕ್ಕೊಮ್ಮೆ ಇದನ್ನೇ ಮತ್ತೆ ಮಾಡಿ. ಬಿತ್ತನೆಗೆ ಮೊದಲು ಕೆಳಗಿನ ಮೂರನೇ ಒಂದು ಭಾಗದ ಕೊಂಬೆಗಳನ್ನು ಸವರಿ. ಒಡ್ಡಿಗೆ ಹತ್ತಿರದ ನಾಲ್ಕಾರು ಸಾಲಿಗೆ ಜೋಳ, ಸಜ್ಜೆಗಿಂತ ಹುರುಳಿ, ಅಲಸಂದೆ, ಹೆಸರು ಮೇಲು. ಅವು ಬೇಗ ಹಬ್ಬಿ ನೆಲವನ್ನೂ ಮುಚ್ಚುತ್ತವೆ.

ಕಚೇರಿಯ ಕೆಲಸ

ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಒಡ್ಡು, ಕೃಷಿ ಹೊಂಡ, ಜಲಾನಯನ ಕಾಮಗಾರಿಗಳ ಬಗ್ಗೆ ಕೇಳಿ. ಸುಜಲ-3 ಎಂಬ ಜಲಾನಯನ ಯೋಜನೆಯಲ್ಲಿ ಕೊಪ್ಪಳ, ರಾಯಚೂರು ಜಿಲ್ಲೆಗಳ ಹಲವು ಕಿರುಜಲಾನಯನಗಳ ಮಣ್ಣಿನ ಆಳ, ಇಳಿಜಾರು, ಸವಕಳಿಯ ನಕ್ಷೆಗಳನ್ನು ಸಿದ್ಧಪಡಿಸಲಾಗಿದೆ. ನಿಮ್ಮ ಸರ್ವೆ ನಂಬರಿನ ಮಾಹಿತಿ ಇದ್ದರೆ ಗುಂಡಿ ತೋಡುವ ಮೊದಲೇ ಬಹಳಷ್ಟು ತಿಳಿಯುತ್ತದೆ. ರಾಯಚೂರು ಕೃಷಿ ವಿಶ್ವವಿದ್ಯಾಲಯದ ಅಡಿಯ ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ತಳಿ, ಹುಲ್ಲುಬೀಜದ ಬಗ್ಗೆ ಸಲಹೆ ಸಿಗುತ್ತದೆ.

ಸಸಿಗೆ ವಲಯ ಅರಣ್ಯ ಕಚೇರಿಗೆ ಹೋಗಬೇಕು. ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ 2011-12ರಿಂದ ಇದೆ. ರಿಯಾಯಿತಿ ದರದಲ್ಲಿ ಸಸಿ ಕೊಟ್ಟು, ಬದುಕುಳಿದ ಪ್ರತಿ ಸಸಿಗೆ ಮೊದಲ ವರ್ಷ 35, ಎರಡನೇ ವರ್ಷ 40, ಮೂರನೇ ವರ್ಷ 50 ರೂಪಾಯಿ, ಒಟ್ಟು 125 ರೂಪಾಯಿ ಪ್ರೋತ್ಸಾಹಧನ ನೀಡುವುದು ಅದರ ಕ್ರಮ. ನೋಂದಣಿಗೆ ಹೋಗುವಾಗ ಆ ವರ್ಷದ ದರವನ್ನು ಕೇಳಿ ಖಚಿತಪಡಿಸಿಕೊಳ್ಳಿ. ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಪ್ರತಿ ಜೊತೆಗಿರಲಿ. ಬೇಸಿಗೆಯಲ್ಲೇ ಹೋಗಿ, ಮಳೆ ಬಿದ್ದ ಮೇಲೆ ಹೋದರೆ ಬೇಕಾದ ಜಾತಿಯ ಸಸಿ ಮುಗಿದಿರುತ್ತದೆ. ಯಾವ ಜಾತಿಯ ಮರವನ್ನು ಮುಂದೆ ಕಡಿಯಲು, ಸಾಗಿಸಲು ಅನುಮತಿ ಬೇಕು, ಯಾವುದಕ್ಕೆ ಬೇಡ ಎಂಬುದನ್ನು ಅದೇ ದಿನ ಕೇಳಿ ಬರೆದುಕೊಳ್ಳಿ. ನೆಟ್ಟ ವರ್ಷವೇ ಗ್ರಾಮ ಆಡಳಿತಾಧಿಕಾರಿಯ ಬಳಿ ಪಹಣಿಯಲ್ಲಿ ಮರಗಳನ್ನು ದಾಖಲಿಸಲು ಅರ್ಜಿ ಕೊಡಿ, ಅರ್ಜಿ ಸ್ವೀಕರಿಸಿದ್ದಕ್ಕೆ ಸಹಿ ಹಾಕಿದ ಪ್ರತಿಯನ್ನು ತೆಗೆದಿಟ್ಟುಕೊಳ್ಳಿ.